ಗುರುಬಾಯಿ ಸಾಕಿದ ಕರಕಿ

ಕರಕಿ ಹುಲ್ಲು ಎಂದರೆ ಗುರುಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಬೇಕಾದ್ದೇ. ಕುರನೂರಿನ ಎರೆಹೊಲದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಹೊಲದಲ್ಲಿ ಕರಕಿ ಕಂಡಿತೆಂದರೆ ಒಕ್ಕಲುತನದ ಮರ್ಯಾದೆ ಹೋಯಿತು ಎಂದು ಅಪ್ಪನ ಬಾಯಿಂದ ಕೇಳುತ್ತಲೇ ದೊಡ್ಡವಳಾದವಳು. ಬೇಸಗೆಯಲ್ಲಿ ಆಳು ಹಚ್ಚಿ ಮೊಣಕಾಲುದ್ದ ಅಗೆಸಿ, ಬೇರನ್ನು ಬಿಸಿಲಿಗೆ ಒಣಗಿಸಿ ಸುಟ್ಟು, ಆ ಬೂದಿಯನ್ನು ಸಹ ಬದುವಿನ ಆಚೆ ಚೆಲ್ಲುತ್ತಿದ್ದ ಮನೆತನ ಅದು. ಅಂಥವಳ ಕಣ್ಣೆದುರಿಗೆ, ಅಕ್ಕಲಕೋಟೆಯಲ್ಲಿ ಅವಳ ಗಂಡನ ಮನೆಯ ತಲಬಾಗಿಲ ಮುಂದೆ, ಮೈದುನನ ಹೆಂಡತಿ ಇಂದುಬಾಯಿ ಕುಕ್ಕರಗಾಲಲ್ಲಿ ಕೂತು ಅದೇ ಕರಕಿಯ ಕುಡಿಗಳನ್ನು ಒಂದೊಂದಾಗಿ ನೆಡುತ್ತಿದ್ದಳು.

"ಏನ ಮಾಡಾಕತ್ತಿ ಅದು?" ಎಂದು ಗುರುಬಾಯಿ ಹೊಸ್ತಿಲ ಮೇಲಿಂದಲೇ ಕೇಳಿದಳು.

"ಹಿರವಳ ಹಚ್ಚಾಕತ್ತೀನ್ರಿ ಅಕ್ಕಾರ. ಬಂಗ್ಲೆ ಮುಂದ ಇರ್ತದಲ್ರಿ, ಹುಲ್ಲಿನ ಹಾಸು."

"ಹಿರವಳ ಅಂತ ಹಿರವಳ. ಅದಕ್ಕ ನಮ್ಮ ಕಡೆ ಕರಕಿ ಅಂತಾರ."

"ಹೊಲದಾಗ ಇದ್ದರ ಕರಕಿರಿ. ಅಂಗಳದಾಗ ಇದ್ದರ ಹಿರವಳ," ಎಂದು ಇಂದುಬಾಯಿ ಕತ್ತೆತ್ತದೆ ಹೇಳಿ, ಇನ್ನೊಂದು ಕುಡಿಯನ್ನು ಮಣ್ಣಿಗೆ ಒತ್ತಿ, ಬೆರಳಿನಿಂದ ಸುತ್ತ ಬಿಗಿ ಮಾಡಿದಳು.

ಆ ಉತ್ತರ ಗುರುಬಾಯಿಯ ಎದೆಗೆ ಹೋಗಿ ನಾಟಿತು. ಹುಲ್ಲಿಗಿಂತ ಮೊದಲು ಬೇರು ಬಿಟ್ಟಿದ್ದು ಅದೇ.

ಸೊಲ್ಲಾಪುರದಲ್ಲಿ ಮಾರ್ಶಲ್ ಲಾ ಆಗಿ ಹೋದ ಮರುವರ್ಷದ ಮಾತು ಇದು. ಮೈದುನ ಭೀಮಶಾ ಅಲ್ಲಿನ ಒಂದು ಗಿರಣಿಯಲ್ಲಿ ಕಾರಕೂನ. ಊರಿನಲ್ಲಿ ಗಲಾಟೆ ತಣ್ಣಗಾದರೂ ಅವನ ಹೆದರಿಕೆ ತಣ್ಣಗಾಗಿರಲಿಲ್ಲ. ಹೆಂಡತಿಯನ್ನು ತಂದು ಅಕ್ಕಲಕೋಟೆಯ ಮನೆಯಲ್ಲಿ, ತನ್ನ ಪಾಲಿನ ಭಾಗದಲ್ಲಿ ಬಿಟ್ಟು, ತಾನು ರವಿವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಿದ್ದ. ಅಣ್ಣತಮ್ಮಂದಿರು ಮೊದಲೇ ಪಾಲಾಗಿದ್ದರು. ಒಲೆ ಬೇರೆ, ಕಾಳಿನ ಹಗೇವು ಬೇರೆ, ಅಂಗಳದ ನಡುವೆ ಕಲ್ಲು ಸಾಲಿಟ್ಟು ಎಳೆದ ಗೆರೆ ಬೇರೆ. ಗೆರೆಯ ಆಚೆಗಿನ ಅರ್ಧ ಇಂದುಬಾಯಿಯದು. ಅವಳ ಅಪ್ಪ ಗಿರಣಿಯ ಮುನೀಮ; ಸಾಹೇಬನ ಬಂಗಲೆಯ ಹಿಂದೆ ಅವರ ಮನೆ ಇತ್ತಂತೆ. ಚಿಕ್ಕಂದಿನಿಂದ ಕಿಟಕಿಯಲ್ಲಿ ಕೂತು, ಬಂಗಲೆಯ ಮಾಲಿ ಹುಲ್ಲನ್ನು ಹೇಗೆ ಸಾಕುತ್ತಾನೆ ಎಂದು ನೋಡಿದವಳು. ಕಿಟಕಿಯಲ್ಲಿ ಕೂತು ಹೆಣ್ಣುಮಕ್ಕಳು ಏನೇನು ಕಲಿಯುತ್ತಾರೆ ಎಂಬುದಕ್ಕೆ ಗುರುಬಾಯಿಯ ಬಳಿ ಬೇರೆ ಮಾತೇ ಇತ್ತು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಬರೀ ಹಟಕ್ಕೆ ಗುರುಬಾಯಿ ಸಿಡಿಮಿಡಿಗೊಂಡಿದ್ದಲ್ಲ. ಅವಳ ಮಗಳು ನೀಲಾಗೆ ಹದಿನಾರು ತುಂಬಿತ್ತು. ಕುಂಭಾರಿಯ ಗಂಡಿನವರು ನೋಡಿ ಹೋಗಿ ಬಾಯಿ ಬಿಟ್ಟಿರಲಿಲ್ಲ. ಈಗ ದುಧನಿಯ ಧೂಳಪ್ಪನ ಮನೆಯವರು ದಸರೆ ಆದ ಮೇಲೆ ಬರುತ್ತೇವೆಂದು ಹೇಳಿ ಕಳಿಸಿದ್ದರು. ಪೇಟೆಯಲ್ಲಿ ದಲಾಲಿಯ ಅಡತಿ ಅಂಗಡಿ, ಸ್ಟೇಷನ್ ಹತ್ತಿರ ಹೊಸ ಮನೆ, ಹೊಲ ಬೇರೆ. ಇಂಥ ಸಂಬಂಧ ಕೈ ತಪ್ಪಿದರೆ ಮುಂದೆ ಎರಡನೇ ಲಗ್ನದವನೇ ಗತಿ ಎಂದು ಗುರುಬಾಯಿ ನಿದ್ದೆಗೆಟ್ಟಿದ್ದಳು. ಅವರು ಬಂದು ಮೊದಲು ನೋಡುವುದೇನು? ಬಾಗಿಲು. ಬಾಗಿಲ ಮುಂದೆ ಏನು? ಹುಲ್ಲು. 'ನಿನ್ನ ಮನೀ ಮುಂದ ಹುಲ್ಲು ಹುಟ್ಟಲಿ' ಎಂದು ಆ ಸೀಮೆಯಲ್ಲಿ ವೈರಿಗೆ ಶಾಪ ಹಾಕುತ್ತಾರೆ. ಮನೆಯಲ್ಲಿ ಓಡಾಡುವ ಕಾಲೊಂದೂ ಉಳಿಯದಿರಲಿ ಎಂದು ಅದರ ಅರ್ಥ. ಆ ಶಾಪವನ್ನು ಈ ಮಹಾತಾಯಿ ನೀರು ಹಾಕಿ ಬೆಳೆಸುತ್ತಿದ್ದಾಳೆ.

"ಅಗೆದು ಒಗೀತೀನಿ," ಎಂದಳು ಗಂಡನಿಗೆ.

ಕಲ್ಲಣ್ಣ ಜಗಳವೆಂದರೆ ಉಣ್ಣುವ ತಾಟನ್ನೂ ಬಿಟ್ಟು ಏಳುವ ಮನುಷ್ಯ. "ಗೆರಿ ಆಚೆ ಗುದ್ದಲಿ ಹಾಕಬ್ಯಾಡ ನೋಡು. ನಾಳೆ ಭೀಮಶಾ ನನ್ನ ಮಾರಿ ನೋಡೂದಿಲ್ಲ. ಗುದ್ದಲಿ ಒಂದ ಬಿಟ್ಟು ಬ್ಯಾರೆ ಏನರ ಮಾಡ್ಕೊ," ಎಂದ.

ಬೇರೆ ಏನಾದರೂ ಮಾಡಿಕೋ ಎಂದವನಿಗೆ ತಾನು ಯಾರಿಗೆ ಏನು ಹೇಳುತ್ತಿದ್ದೇನೆಂಬ ಅರಿವಿರಲಿಲ್ಲ.

ಮರುದಿನ ಮುಂಜಾನೆ ಗುರುಬಾಯಿಯ ತಲೆಯ ಮೇಲಿನ ಗೊಬ್ಬರದ ಬುಟ್ಟಿ ಜಾರಿತು. ಜಾರಿದ್ದು ಗೆರೆಯಿಂದ ನಾಲ್ಕು ಮಾರು ಆಚೆ, ಸರಿಯಾಗಿ ಎಳೆ ಹುಲ್ಲಿನ ಮೇಲೆ. ಹಸಿ ಸಗಣಿ ಚೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಅದರಲ್ಲಿ ಒಲೆಗೆ ಕುಳ್ಳು ಆಗುತ್ತವೆ, ವೈರಿಗೆ ಯಾಕೆ ಕೊಡಬೇಕು? ತಿಪ್ಪೆಯ ಬುಡದಲ್ಲಿದ್ದ, ಪುಡಿಪುಡಿಯಾಗಿ ಉದುರುವ ಹಳೇ ಗೊಬ್ಬರ ತಂದಿದ್ದಳು. ಉಸಿರು ಕಟ್ಟಿ ಸಾಯಲಿ ಎಂದು.

ಇಂದುಬಾಯಿ ಓಡಿ ಬಂದು ಎದೆ ಎದೆ ಬಡಿದುಕೊಂಡಳು. "ಅಯ್ಯ ಶಿವನ, ನನ್ನ ಹಿರವಳ ಸತ್ತ ಹೋಗ್ತದಲ್ರಿ ಅಕ್ಕಾರ."

"ಕಾಲ ಜಾರಿತವ್ವಾ. ವಯಸ್ಸಾತು," ಎಂದಳು ಗುರುಬಾಯಿ. ಆ ದಿನ ಎಷ್ಟೋ ತಿಂಗಳ ಮೇಲೆ ಅವಳಿಗೆ ಎರಡು ರೊಟ್ಟಿ ಹೆಚ್ಚು ಸೇರಿದವು. ಆ ವಾರವೆಲ್ಲ ಕಾಲು ಜಾರುತ್ತಲೇ ಇತ್ತು.

ಮಳೆ ಬಿತ್ತು. ಹುಲ್ಲು ಸಾಯಲಿಲ್ಲ, ಗಿಣಿಯ ರೆಕ್ಕೆಯ ಬಣ್ಣಕ್ಕೆ ತಿರುಗಿತು. ಗುರುಬಾಯಿಗೆ ತಲೆ ಕೆಟ್ಟಿತು. ಮಾಳಿಗೆಗೆ ಬಡಿಯಲು ಹಳ್ಳದಿಂದ ಸಣ್ಣ ಮಣ್ಣು ತರಿಸಿದ್ದರು; ಬಂಡಿಯನ್ನು ಆ ಕಡೆಯೇ ಬೋರಲು ಹಾಕಿಸಿದಳು. ಹೂತು ಹೋಗಲಿ, ಪೀಡೆ ತೊಲಗಲಿ. ಇಂದುಬಾಯಿ ಮತ್ತೆ ಅತ್ತಳು, ಬಾಯಿ ಬಾಯಿ ಬಡಿದುಕೊಂಡಳು, ಕಸಬರಿಗೆ ತಂದು ಮಣ್ಣನ್ನು ಗುಡಿಸುವವಳಂತೆ ಹುಲ್ಲಿನ ಮೇಲೆಲ್ಲ ತೆಳ್ಳಗೆ ಹರವಿದಳು. ಆ ಮಣ್ಣನ್ನು ಸೀಳಿಕೊಂಡು ಒಂದಿದ್ದಲ್ಲಿ ಹತ್ತು ಕುಡಿ ಎದ್ದವು.

ಆಮೇಲೆ ಎಮ್ಮೆಯ ಹಗ್ಗ ಬಿಚ್ಚಿಕೊಂಡಿತು. ಊರ ಅಗಸೆಬಾಗಿಲವರೆಗೆ ಕೇಳಿಸುವಂತೆ ಇಂದುಬಾಯಿ ಗೋಳಾಡುತ್ತಿದ್ದರೆ, ಎಮ್ಮೆ ತಣ್ಣಗೆ ಮಧ್ಯಾಹ್ನವಿಡೀ ಮೇಯ್ದು ನೆಲ ಕಾಣುವಂತೆ ಬೋಳಿಸಿತು. ಇನ್ನು ಮುಗಿಯಿತು ಎಂದುಕೊಂಡಳು ಗುರುಬಾಯಿ. ವಾರ ಕಳೆಯುವುದರೊಳಗೆ ಹುಲ್ಲು ಮೊದಲಿಗಿಂತ ಒತ್ತಾಗಿ, ಒಂದೇ ಮಟ್ಟಕ್ಕೆ ಬಂದು ನಿಂತಿತು. ಕಡೆಗೆ, ಕಣದಲ್ಲಿ ಜೋಳ ಒಕ್ಕುವ ಕಲ್ಲಿನ ಗುಂಡನ್ನು ಎತ್ತಿಗೆ ಕಟ್ಟಿಸಿ, ನೆಲ ಹಸಿ ಇದ್ದಾಗ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಸಿದಳು. ಯಾಕೆಂದು ಗಂಡ ಕೇಳಿದ್ದಕ್ಕೆ, ಗುಂಡು ಸರಿಯಾಗಿ ಉರುಳುತ್ತದೋ ಇಲ್ಲವೋ ನೋಡಬೇಕು ಎಂದಳು. ಉಬ್ಬು ತಗ್ಗು ಎಲ್ಲ ಅಡಗಿ, ದಸರೆ ಹತ್ತಿರ ಬರುವ ಹೊತ್ತಿಗೆ ಇಂದುಬಾಯಿಯ ಪಾಲಿನ ಅಂಗಳ ಸೊಲ್ಲಾಪುರದ ಹೊಸ ಚಾದರ ಹಾಸಿದಂತಾಗಿತ್ತು. ಹೋಗುವವರು ಬರುವವರು ನಿಂತು ನೋಡತೊಡಗಿದರು.

ನಿಜ ಹೇಳಿದವಳು ಮಗಳು. ಗುರುಬಾಯಿ ಅವಳ ತಲೆ ಬಾಚುತ್ತಿದ್ದಳು.

"ಅವ್ವಾ, ಸಿಟ್ಟಾಗೂದಿಲ್ಲಂದ್ರ ಒಂದ ಮಾತ ಹೇಳ್ತೀನಿ."

"ಹೇಳು."

"ಕಾಕಿ ಹೇಳ್ತಿದ್ಲು. ಸಾಹೇಬರ ಬಂಗ್ಲೆದಾಗ ಮಾಲಿನೂ ಇದ ನಾಕ ಕೆಲಸ ಮಾಡ್ತಿದ್ನಂತ. ಮೊದಲ ಹಳೀ ಗೊಬ್ಬರ, ಆಮ್ಯಾಲ ಸಣ್ಣ ಮಣ್ಣು, ಆಮ್ಯಾಲ ಸಣ್ಣಗ ಕತ್ತರಸೂದು, ಕಡೀಕ ಕಲ್ಲ ಉರುಳಸೂದು. ಅವಗ ತಿಂಗಳಾ ತಿಂಗಳಾ ಪಗಾರ ಕೊಡ್ತಿದ್ರಂತ." ನೀಲಾ ತಲೆ ತಗ್ಗಿಸಿ, "ಅಕ್ಕಾರ ಪಗಾರಿಲ್ದ ಮಾಡಾಕತ್ತಾರ ಅಂದ್ಲು," ಎಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. ಆ ಎದೆ ಬಡಿತ, ಆ ಗೋಳು, ಆ ಕಣ್ಣೀರು, ಎಲ್ಲ ನಾಟಕ. ಇನ್ನಷ್ಟು ಹಾಕಲಿ ಎಂದೇ ಅತ್ತವಳು. ತಾನು ಮುಂಜಾನೆ ಎದ್ದು, ಬೆನ್ನು ಮುರಿದುಕೊಂಡು, ಆ ಸೊಲ್ಲಾಪುರದವಳ ಅಂಗಳಕ್ಕೆ ಮಾಲಿಯಾಗಿ ದುಡಿದಿದ್ದಳು. ಗುರುಬಾಯಿ ಎದ್ದು ನೇರ ಗೆರೆಯ ಬಳಿ ಹೋಗಿ ನಿಂತಳು.

"ನನ್ನ ಮಾಲಿ ಮಾಡ್ಕೊಂಡೇನ ನೀ?"

ಇಂದುಬಾಯಿ ಅಕ್ಕಿ ಆರಿಸುತ್ತಿದ್ದಳು. "ಗೆರಿ ದಾಟಿ ಬರ್ರಿ ಅಂತ ನಾ ಕರದಿಲ್ರಿ. ನೀವು ಕೊಲ್ಲಾಕ ಬಂದ್ರಿ, ಅದು ಬದುಕ್ತು. ಅದರಾಗ ನಂದೇನು ತಪ್ಪು?"

"ಹಲ್ಲಾಗಿನ ನಂಜು ನೀನು."

"ಆಗ್ಲಿರಿ."

ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಮನೆಯೊಳಗಿನ ಬೆಕ್ಕು ಕೂಡ ಗೆರೆ ನೋಡಿ ದಾಟುವಂತಾಯಿತು.

ದುಧನಿಯವರು ಬರುವ ದಿನ ಮುಂಜಾನೆ ಗುರುಬಾಯಿ ತಾನಾಗಿ ಬಾಯಿ ಬಿಡಬೇಕಾಯಿತು. ಮನೆಯಲ್ಲಿದ್ದ ಗೋಣಿತಟ್ಟುಗಳನ್ನೆಲ್ಲ ಹೊತ್ತು ತಂದು, ಗೆರೆಯ ಈಚೆ ನಿಂತು, "ಇವತ್ತೊಂದು ದಿನ ಇವನ್ನ ಹುಲ್ಲಿನ ಮ್ಯಾಲ ಹಾಸಗೊಡು. ನನ್ನ ಮಗಳ ಸಲುವಾಗಿ," ಎಂದಳು.

"ಹಾಸ್ರಿ. ನೀಲಾ ನನಗೂ ಮಗಳನ," ಎಂದಳು ಇಂದುಬಾಯಿ. ಗುರುಬಾಯಿ ನಂಬಲಿಲ್ಲ. ಇಬ್ಬರೂ ಒಂದೊಂದು ತುದಿ ಹಿಡಿದು ತಟ್ಟು ಹಾಸಿದರು, ಮೇಲೆ ಮೆಣಸಿನಕಾಯಿ ಒಣಹಾಕಿದರು.

ಬೀಗರಾಗಬೇಕಾದವರು ಅಕ್ಕಲಕೋಟೆ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟಾಂಗಾ ಮಾಡಿಕೊಂಡು ಬಂದರು: ಧೂಳಪ್ಪ, ಅವನ ಹೆಂಡತಿ ಕಲ್ಯಾಣಮ್ಮ. ಕಲ್ಲಣ್ಣ ಕೈ ಮುಗಿದು ಒಳಗೆ ಕರೆಯುವಷ್ಟರಲ್ಲಿ ಟಾಂಗಾದ ಕುದುರೆ ಮೂತಿಯಿಂದ ತಟ್ಟನ್ನು ಸರಿಸಿ ಮೇಯತೊಡಗಿತು. ಮೆಣಸಿನಕಾಯಿ ಚೆಲ್ಲಾಪಿಲ್ಲಿಯಾದವು. ಒಂದು ಮಂಚದಗಲ ಹಸುರು ಬಿಸಿಲಿಗೆ ಹೊರಬಿತ್ತು.

ಗುರುಬಾಯಿ ತಟ್ಟು ಎಳೆದು ಮುಚ್ಚಲು ಓಡಿದಳು. ಕಲ್ಯಾಣಮ್ಮ ಮಾತ್ರ ಕೆರ ಬಿಟ್ಟು ಆ ಹಸುರಿನ ಮೇಲೆ ಹೋಗಿ ನಿಂತು, ಟಾಂಗಾದಲ್ಲಿ ಕುಲುಕಿ ಸೋತ ಕಾಲುಗಳನ್ನು ಅದರ ಮೇಲೆ ಮೆಲ್ಲಗೆ ಆಡಿಸಿದಳು. "ಎಷ್ಟ ಮೆತ್ತಗದರಿ ಇದು. ನಮ್ಮ ಸ್ಟೇಷನ್ ಮಾಸ್ತರ ಮನೀ ಮುಂದ ಹಚ್ಯಾರ, ಹಿಂಗ ಬಂದಿಲ್ಲ. ಯಾರ ಕೈಲೆ ಆಗೇದ?"

"ಕರಕಿ ಅಲ್ಲೇನದು?" ಎಂದ ಧೂಳಪ್ಪ. ಅಂಗಡಿಕಾರನಾದರೂ ಹೊಲ ಇದ್ದ ಮನುಷ್ಯ.

ಆಗ ಇಂದುಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಆ ದಿನ ಅವಳಲ್ಲಿ ಕುಹಕವಿರಲಿಲ್ಲ, ಇದು ಖರೆ. ಕಲ್ಯಾಣಮ್ಮನ ಮುಖ ಅರಳಿದ್ದನ್ನು ಕಂಡು, ಹೊಗಳಿಕೆ ಹುಡುಗಿಯ ತಾಯಿಗೆ ಹೋದರೆ ಹುಡುಗಿಗೆ ಒಳ್ಳೆಯದು ಎಂದು ಲೆಕ್ಕ ಹಾಕಿದ್ದಳು. "ಎಲ್ಲಾ ನಮ್ಮ ಅಕ್ಕಾರ ಕೈಗುಣ್ರಿ. ಗೊಬ್ಬರ ಅವರ ಹಾಕ್ಯಾರ, ಮಣ್ಣ ಅವರ ಹಾಕ್ಸ್ಯಾರ. ನಾ ಬರೇ ಸಂಜೀಕ ನೀರ ಹಾಕೀನಿ," ಎಂದಳು.

ಗುರುಬಾಯಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು: ಪಗಾರಿಲ್ಲದ ಮಾಲಿ. ಬೀಗರ ಮುಂದೆ, ಮಗಳನ್ನು ನೋಡಲು ಬಂದವರ ಮುಂದೆ, ನಗುನಗುತ್ತ ಕೆನ್ನೆಗೆ ಹೊಡೆದ ಹಾಗಾಯಿತು. ತಿಂಗಳುಗಳಿಂದ ಒಳಗೆ ಕುದಿಯುತ್ತಿದ್ದದ್ದು ಉಕ್ಕಿ ಹೊರಗೆ ಬಂತು.

"ನಾ ಯಾಕ ಸಾಕಲಿ ಈ ಪೀಡಾನ?" ಎಂದಳು. "ಕೊಲ್ಲಾಕ ಹಾಕೀನ್ರಿ ನಾ ಗೊಬ್ಬರ. ಹೂತು ಹೋಗ್ಲಂತ ಬಂಡಿ ಮಣ್ಣ ಬೋರಲ ಹಾಕ್ಸೀನಿ. ಎಮ್ಮಿ ಹಗ್ಗ ನಾನ ಬಿಚ್ಚೀನಿ. ಕಣದ ಗುಂಡ ತಂದು ಎಳಸೀನಿ. ಇದು ಸತ್ತರ ಇಕೀ ಸೊಕ್ಕ ಇಳೀತದಂತ ಇಷ್ಟ ದಿನಾ ಇದ ಒಂದ ಕೆಲಸ ಮಾಡೀನಿ. ನಮ್ಮನಿ ಕರಕಿ ಸಾಕೋ ಮನಿ ಅಲ್ರಿ."

ಕಲ್ಲಣ್ಣ ಕೆಮ್ಮಿದ. ಹೆಂಡತಿಯನ್ನು ತಡೆಯಲು ಅವನು ಕೆಮ್ಮುತ್ತಿದ್ದದ್ದು ಹಾಗೆಯೇ, ಅದು ಎಂದೂ ತಡೆದಿರಲಿಲ್ಲ. ಧೂಳಪ್ಪ ಆಕಾಶ ನೋಡಿದ. ಕಲ್ಯಾಣಮ್ಮ ಹುಲ್ಲಿನಿಂದ ಆಚೆ ಬಂದು ಕೆರ ಮೆಟ್ಟಿಕೊಂಡಳು. ಬಾಗಿಲಲ್ಲಿ ನೀಲಾ ಅವಲಕ್ಕಿಯ ತಾಟು ಹಿಡಿದು ನಿಂತಿದ್ದಳು. ಕಲ್ಯಾಣಮ್ಮ ಒಮ್ಮೆ ಅವಳನ್ನು, ಒಮ್ಮೆ ಅವಳ ತಾಯಿಯನ್ನು ನೋಡಿದಳು. ಆಮೇಲೆ ಅವಲಕ್ಕಿ ತಿಂದರು, ಎಲೆ ಅಡಿಕೆ ಹಾಕಿಕೊಂಡರು, ಹುಡುಗಿಯನ್ನು ಅಡಿಗೆ ಬರುತ್ತದೆಯೇ ಎಂದು ಕೇಳಿದರು, ಹೇಳಿ ಕಳಿಸುತ್ತೇವೆ ಎಂದು ಹೊರಟರು. ಅವರ ನಡತೆಯಲ್ಲಿ ಒಂದು ಕಡ್ಡಿಯಷ್ಟೂ ತಪ್ಪಿರಲಿಲ್ಲ.

"ಏನಾತು ಈಗ? ಛಲೋ ಮಾತಾಡಿದ್ರಲ್ಲ," ಎಂದಳು ಗುರುಬಾಯಿ, ಟಾಂಗಾ ಮರೆಯಾದ ಮೇಲೆ. ಇಂದುಬಾಯಿ ಚೆಲ್ಲಿದ ಮೆಣಸಿನಕಾಯಿ ಆಯುತ್ತಿದ್ದಳು.

ದೀಪಾವಳಿ ಆಯಿತು. ದುಧನಿಯಿಂದ ಸುದ್ದಿಯಿಲ್ಲ. ಗುರುಬಾಯಿ ದಾರಿ ಕಾಯುತ್ತ ಕಾಯುತ್ತ ಹುಲ್ಲನ್ನು ಮರೆತೇಬಿಟ್ಟಳು. ಬುಟ್ಟಿ ಜಾರಲಿಲ್ಲ, ಎಮ್ಮೆ ಬಿಚ್ಚಿಕೊಳ್ಳಲಿಲ್ಲ. ಇಂದುಬಾಯಿಯೇ ಕುಡುಗೋಲು ಹಿಡಿದು ಕೊಯ್ದುಕೊಳ್ಳಬೇಕಾಯಿತು.

ಒಂದು ಮಧ್ಯಾಹ್ನ ಅಂಗಳದ ಮುಂದೆ ಬಂಡಿ ನಿಂತಿತು. ಇಳಿದವನು ಸೈದಪ್ಪ, ಧೂಳಪ್ಪನ ಮನೆಯ ಆಳು. ಪೇಟೆಯ ಸಾಮಾನಿಗೆ ಬಂದಿದ್ದನಂತೆ. ನೀಲಾ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಗಟಗಟನೆ ಕುಡಿದು, "ಕಲ್ಯಾಣಮ್ಮಾರು ಹೇಳಿ ಕಳಿಸ್ಯಾರ್ರಿ," ಎಂದ.

ಗುರುಬಾಯಿ ಹೊಸ್ತಿಲಿಳಿದು ಬಂದಳು. "ಏನಂತ?"

"ಆ ಹಿರವಳ ಬೇಕಂತ್ರಿ. ಎರಡ ಚೀಲ. ಹೊಸ ಮನೀ ಮುಂದ ಹಚ್ಚಾಕ."

"ಮತ್ತೇನರ ಅಂದಾರೇನು?"

"ಇಲ್ರಿ. ಇಷ್ಟ."

ಇಷ್ಟೇ ಎಂದರೆ ಇಷ್ಟೇ ಎಂದು ಗುರುಬಾಯಿಗೆ ಅನ್ನಿಸಲಿಲ್ಲ. ಬೀಗತನ ಬೇಡವಾದ ಮನೆಗೆ ಯಾರಾದರೂ ಹುಲ್ಲು ಬೇಡಲು ಆಳು ಕಳಿಸುತ್ತಾರೆಯೇ? ಮನಸ್ಸು ಮೆತ್ತಗಾಗಿದೆ, ನೇರ ಹೇಳಲು ನಾಚಿಕೆ, ಹೀಗೊಂದು ನೆಪ. ಅವಳು ಹಾಗೆ ತಿಳಿದುಕೊಂಡಳು; ಹೆತ್ತ ಕರುಳು, ತನಗೆ ಬೇಕಾದ್ದನ್ನೇ ತಿಳಿಯುತ್ತದೆ. ಒಳಗೆ ಹೋಗಿ ಗುದ್ದಲಿ ತಂದಳು. ಗೆರೆಯ ಬಳಿ ನಿಂತು, ಹೊಸ್ತಿಲಲ್ಲಿದ್ದ ಇಂದುಬಾಯಿಯ ಕಡೆ ನೋಡದೆ, "ಕೊಡಲೇನು?" ಎಂದಳು.

"ಕೊಡ್ರಿ," ಎಂದಳು ಇಂದುಬಾಯಿ.

ಇಡೀ ಮಳೆಗಾಲ ಯಾವುದನ್ನು ಅಗೆದು ಒಗೆಯಲು ಕೈ ತುರಿಸುತ್ತಿತ್ತೋ ಅದನ್ನು ಗುರುಬಾಯಿ ಈಗ ಕೂಸನ್ನು ಎತ್ತಿದ ಹಾಗೆ ಎತ್ತಿದಳು. ಬೇರು ಹರಿಯದಂತೆ, ಮಣ್ಣು ಉದುರದಂತೆ, ಹಿಡಿ ಹಿಡಿಯಾಗಿ ಬಿಡಿಸಿ ಒದ್ದೆ ಚೀಲಕ್ಕೆ ತುಂಬಿದಳು. ತುಂಬುತ್ತ ಸೈದಪ್ಪನಿಗೆ ಹೇಳುತ್ತ ಹೋದಳು. ಅವಳ ದನಿ ಅಷ್ಟು ಮೆದುವಾಗಿದ್ದದ್ದನ್ನು ಆ ಮನೆ ಅಲ್ಲಿಯವರೆಗೆ ಕೇಳಿರಲಿಲ್ಲ.

"ಬಿಸಲಾಗ ಇಡಬ್ಯಾಡ, ಹೋದ ಕೂಡ್ಲೆ ಹಚ್ಚಂತ ಹೇಳು. ಗೇಣಿಗೊಂದು ಕುಡಿ, ಗೆಣ್ಣು ಮಣ್ಣಾಗ ಇರಬೇಕು, ತುದಿ ಹೊರಗ. ಹಸೀ ಸಗಣಿ ಹಾಕಿದ್ರ ಸುಡ್ತದ, ಹಳೀ ಗೊಬ್ಬರ ಪುಡಿ ಮಾಡಿ ಹಾಕ್ರಿ. ಹಬ್ಬಿದ ಮ್ಯಾಲ ಹಳ್ಳದ ಸಣ್ಣ ಮಣ್ಣು ತೆಳ್ಳಗ ಹರವ್ರಿ. ಬೆಳೀತಂತ ಹಂಗ ಬಿಡಬ್ಯಾಡ್ರಿ, ಕೊಯ್ಯಬೇಕು, ಕೊಯ್ದಷ್ಟ ಒತ್ತ ಬರ್ತದ. ನೆಲ ಹಸಿ ಇದ್ದಾಗ ಗುಂಡ ಉರುಳಸ್ರಿ. ಮತ್ತ ಇದೊಂದು ಮರೀದ ಹೇಳು: ನಮ್ಮ ನೀಲಾಗ ಇದೆಲ್ಲಾ ಗೊತ್ತೈತಿ. ನಾಳೆ ಆಕಿನ ಎಲ್ಲಾ ನೋಡ್ಕೋತಾಳ."

ಸೈದಪ್ಪ ಮುಂಡಾಸಿನೊಳಗೆ ಬೆರಳು ಹಾಕಿ ತಲೆ ಕೆರೆದುಕೊಂಡ. "ನಿಮಗ ಸುದ್ದಿ ಬಂದಿಲ್ಲೇನ್ರಿ ಯವ್ವಾ?"

"ಯಾವ ಸುದ್ದಿ?"

"ಮೈಂದರ್ಗಿ ಹುಡುಗಿ ಸಂಗಾಟ ನಿಶ್ಚಯ ಆಗೇದ್ರಿ. ಲಗ್ನಕ್ಕ ಹಂದರದ ಮುಂದ ಹಸರು ಕಾಣಬೇಕಂತ ಅಮ್ಮಾರು ಗಂಟ ಬಿದ್ದಾರ. ಅದಕ್ಕ ನನ್ನ ಕಳಿಸ್ಯಾರ."

ಗುರುಬಾಯಿಯ ಕೈಯಲ್ಲಿ ಒಂದು ಹಿಡಿ ಹುಲ್ಲು ಹಾಗೆಯೇ ಇತ್ತು. "ನಮ್ಮ ನೀಲಾಗ ಏನ ಕಮ್ಮಿ ಆಗಿತ್ತಂತ?"

"ಹುಡುಗಿ ಬಂಗಾರ ಅಂದ್ರು. ಆದರ..." ಅವನು ಎತ್ತಿನ ಕಡೆ ತಿರುಗಿದ.

"ಹೇಳು."

"'ನೆಗೆಣ್ಣಿ ಹಚ್ಚಿದ ಹುಲ್ಲನ್ನ ಸುದ್ದಾ ಬದುಕಗೊಡದಾಕಿ. ಆಕೀ ಮಗಳ್ನ ತಂದ್ರ ಮನ್ಯಾಗ ಮೊದಲ ಇರೋ ನಮ್ಮ ಹಿರೀ ಸೊಸಿ ಗತಿ ಏನು?' ಅಂದ್ರು ಅಮ್ಮಾರು. ನಂದಲ್ರಿ ಮಾತು."

ನೀಲಾ ಬಾಗಿಲಲ್ಲೇ ನಿಂತಿದ್ದಳು. ಬಂದು ಸೈದಪ್ಪನ ಪಕ್ಕದಲ್ಲಿದ್ದ ಖಾಲಿ ತಂಬಿಗೆ ಎತ್ತಿಕೊಂಡು, ತಾಯಿಯ ಕಡೆ ನೋಡದೆ ಒಳಗೆ ಹೋದಳು. ಒಳಗಿನಿಂದ ತಂಬಿಗೆ ತೊಳೆಯುವ ಸಪ್ಪಳ ಬಂತು. ತೊಳೆದದ್ದನ್ನೇ ತೊಳೆಯುತ್ತಿದ್ದಳು.

ಅದನ್ನು ಕೇಳುತ್ತ ಗುರುಬಾಯಿ ಕೂತಲ್ಲೇ ಕೂತಿದ್ದಳು. ಹುಲ್ಲು ಕಂಡು ಸಂಬಂಧ ಮುರಿಯುತ್ತದೆ ಎಂದು ಹೆದರಿದ್ದಳು. ಮುರಿದದ್ದು ಅವಳ ಬಾಯಿ. ಹುಲ್ಲು ಮಾತ್ರ ಅವರಿಗೆ ಬೇಕು, ಮಗಳು ಬೇಡ. ಆದರೂ ಎದ್ದಳು, ಚೀಲದ ಬಾಯಿ ಕಟ್ಟಿದಳು, ಬಂಡಿಗೆ ಏರಿಸಲು ತಾನೇ ಕೈ ಹಚ್ಚಿದಳು. ಸೈದಪ್ಪ ಎತ್ತಿನ ಬೆನ್ನು ಚಪ್ಪರಿಸಿದ. ಬಂಡಿ ನಾಲ್ಕು ಹೆಜ್ಜೆ ಹೋಗಿತ್ತು.

"ಸೈದಪ್ಪಾ, ನಿಲ್ಲು. ಒಂದ ಹೇಳೂದ ಮರ್ತಿದ್ದೆ."

"ಏನ್ರಿ?"

"ಹಚ್ಚಿದ ಮ್ಯಾಲ ಮೊದಲನೇ ನೀರಿಗೆ ಉಪ್ಪ ಹಾಕಬೇಕು. ಕೊಡಕ್ಕೊಂದು ಬೊಗಸಿ. ಹಂದರದ ಹೊತ್ತಿಗೆ ಹಸರು ಕಣ್ಣ ಕುಕ್ತದ."

ಉಪ್ಪು ಬಿದ್ದರೆ ಹುಲ್ಲಿನ ಮಾತು ಹಾಗಿರಲಿ, ಮಣ್ಣೇ ಸಾಯುತ್ತದೆ. ಮುಂದೆ ಎಷ್ಟೋ ವರ್ಷ ಅಲ್ಲಿ ಕಳ್ಳಿ ಕೂಡ ಏಳದು. ಎಷ್ಟೇ ಉರಿದರೂ, ಇದು ನಮ್ಮ ಹಿರಿಯರ ನೆಲ ಎಂದು ಗುರುಬಾಯಿ ಇಲ್ಲಿ ಉಪ್ಪಿಗೆ ಕೈ ಹಾಕಿರಲಿಲ್ಲ.

ಸೈದಪ್ಪನಿಗೆ ಅನುಮಾನ ಬಂತು. ಎಷ್ಟೆಂದರೂ ಒಕ್ಕಲು ಮನೆಯ ಆಳು. ಗುರುಬಾಯಿಯ ಭುಜದ ಮೇಲಿಂದ, ಹೊಸ್ತಿಲಲ್ಲಿ ನಿಂತಿದ್ದ ಇಂದುಬಾಯಿಯನ್ನು ನೋಡಿ, "ಖರೇನ್ರಿ ಬಾಯಾರ? ನೀವು ಸೊಲ್ಲಾಪುರದಾಗ ಸಾಹೇಬರ ಹಿರವಳ ನೋಡಿದವ್ರು ಅಂತಾರ. ಉಪ್ಪ ಹಾಕ್ತಾರೇನ್ರಿ?" ಎಂದು ಕೇಳಿದ.

ಗುರುಬಾಯಿ ತಿರುಗಲಿಲ್ಲ. ಇಂದುಬಾಯಿ ಇಲ್ಲವೆಂದು ಒಂದು ಮಾತು ಆಡಿದರೆ ಸಾಕಿತ್ತು, ಗುರುಬಾಯಿಯ ಕಪಟದ ಸುದ್ದಿ ಮರುದಿನಕ್ಕೆ ದುಧನಿ ಮುಟ್ಟುತ್ತಿತ್ತು, ವಾರದೊಳಗೆ ಇಡೀ ತಾಲೂಕು.

ಒಳಗೆ ತಂಬಿಗೆಯ ಸಪ್ಪಳ ಇನ್ನೂ ನಿಂತಿರಲಿಲ್ಲ. ಇಂದುಬಾಯಿ ಅದನ್ನೊಂದು ಗಳಿಗೆ ಕೇಳಿದಳು.

"ಒಂದು ಬೊಗಸಿ ಎಲ್ಲಿ ಸಾಲ್ತದ," ಎಂದಳು. "ಎರಡ ಹಾಕಂತ ಹೇಳು. ಮತ್ತ ನೀರು ಕುದೀತಿರಬೇಕು."

ಸೈದಪ್ಪ ತಲೆಯಾಡಿಸಿ ಬಂಡಿ ಹೊಡೆದ. ಮರೆಯಬಾರದೆಂದು, ಎರಡು ಬೊಗಸಿ ಉಪ್ಪು, ಕುದಿಯೋ ನೀರು, ಎರಡು ಬೊಗಸಿ ಉಪ್ಪು, ಕುದಿಯೋ ನೀರು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹೋದ. ಅವನ ದನಿ ಕೇಳಿಸುವವರೆಗೂ ಇಬ್ಬರು ಹೆಂಗಸರೂ ಅಂಗಳದಲ್ಲೇ ನಿಂತಿದ್ದರು.